ದೋಷ ಕೈಯದಲ್ಲ

ಯಳಂದೂರು ತಾಲ್ಲೂಕಿನ ಮಾಂಬಳ್ಳಿಯಲ್ಲಿ ರೇಷ್ಮೆ ನೂಲು ಬಿಚ್ಚುವವರ ಬೆರಳುಗಳನ್ನು ಹತ್ತಿರದಿಂದ ನೋಡಬೇಕು. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆಯ ತುದಿ ಹುಡುಕಿ ಮೇಲೆತ್ತುವ ಕೆಲಸ ಅದು. ಒಂದೊಂದು ಗೂಡಿನಲ್ಲೂ ನೂರಾರು ಮೀಟರು ಉದ್ದದ ಒಂದೇ ಎಳೆ ಸುತ್ತಿಕೊಂಡಿರುತ್ತದೆ. ಅದರ ತುದಿ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ದಿನವಿಡೀ ನೀರಿಗೆ ಅದ್ದಿ ಅದ್ದಿ ಬೆರಳಿನ ತುದಿ ಬೆಳ್ಳಗಾಗುತ್ತದೆ, ಸುಕ್ಕಾಗುತ್ತದೆ, ಸಿಪ್ಪೆ ಏಳುತ್ತದೆ. ವರ್ಷಗಟ್ಟಲೆ ಇದೇ ಕೆಲಸ ಮಾಡಿದವರ ಬೆರಳಿನಲ್ಲಿ ಹುಟ್ಟಿನಿಂದ ಬಂದ ಗೆರೆಗಳು ಹುಡುಕಿದರೂ ಸಿಗದಷ್ಟು ಸವೆದಿರುತ್ತವೆ. ಕೊಳ್ಳೇಗಾಲದ ರೇಷ್ಮೆ ಎಂದು ನಾವು ಹೆಮ್ಮೆಯಿಂದ ಹೇಳುವ ಮಾತಿನಲ್ಲಿ ಈ ಬೆರಳುಗಳ ಪಾಲು ದೊಡ್ಡದು.

ಇಂಥ ಕೈ ತಿಂಗಳಿಗೊಂದು ಸಲ ನ್ಯಾಯಬೆಲೆ ಅಂಗಡಿಯ ಮುಂದೆ ಬಂದು ನಿಲ್ಲುತ್ತದೆ. ನಮ್ಮ ಕಡೆ ಅದಕ್ಕೆ ಈಗಲೂ ಸೊಸೈಟಿ ಎಂದೇ ಹೆಸರು. ಮೇಜಿನ ಮೇಲೆ ಪುಟ್ಟ ಗಾಜಿನ ಯಂತ್ರ. “ತಂಬ್ ಕೊಡವ್ವ” ಎನ್ನುತ್ತಾನೆ ಹುಡುಗ. ಆಕೆ ಹೆಬ್ಬೆರಳು ಇಡುತ್ತಾಳೆ. ಯಂತ್ರ ಕೀಚ್ ಎನ್ನುತ್ತದೆ. “ಬತ್ತಾ ಇಲ್ಲ ಕನವ್ವ, ವಸಿ ಒರೆಸ್ಕೊಂಡು ಮಡಗು.” ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಇಡುತ್ತಾಳೆ. ಆಮೇಲೆ ತೋರುಬೆರಳು, ನಡುಬೆರಳು, ಇನ್ನೊಂದು ಕೈ. ಹಿಂದೆ ಸಾಲು ಬೆಳೆಯುತ್ತದೆ. ಕೊನೆಗೆ ಆಕೆ ಹೇಳುವ ಮಾತು ಒಂದೇ: “ನನ್ ಕೈಯೇ ಸರಿ ಇಲ್ಲ ಕನಪ್ಪ.”

ಈ ಮಾತನ್ನು ನಾನು ಕೊಳ್ಳೇಗಾಲದಲ್ಲಿ ಕೇಳಿದ್ದೇನೆ, ಯಳಂದೂರಿನಲ್ಲಿ ಕೇಳಿದ್ದೇನೆ, ಹನೂರಿನ ಕಡೆ ಕಲ್ಲು ಹೊಡೆದು, ರಾಗಿ ಕೊಯ್ದು ಬಂದವರ ಬಾಯಲ್ಲೂ ಕೇಳಿದ್ದೇನೆ. ಕೇಳಿದಾಗಲೆಲ್ಲ ಮನಸ್ಸು ನಿಂತುಬಿಡುತ್ತದೆ. ಐವತ್ತು ವರ್ಷ ದುಡಿದ ಕೈ ಅದು. ಅದು ಸರಿಯಿಲ್ಲ ಎಂದು ಅದರ ಒಡತಿಯ ಬಾಯಲ್ಲೇ ಹೇಳಿಸುವ ಶಕ್ತಿ ಆ ಗಾಜಿನ ತುಂಡಿಗೆ ಎಲ್ಲಿಂದ ಬಂತು?

ಅಂಗಡಿಯಲ್ಲಿ “ಬತ್ತಾ ಇಲ್ಲ” ಎನ್ನುವ ಒಂದೇ ಮಾತಿನ ಹಿಂದೆ ಕನಿಷ್ಠ ಮೂರು ಬೇರೆ ಬೇರೆ ಸಂಗತಿಗಳಿರುತ್ತವೆ. ಗಾಜಿಗೆ ಬೆರಳಿನ ಚಿತ್ರವೇ ಸ್ಪಷ್ಟವಾಗಿ ಸಿಗದಿರಬಹುದು. ಚಿತ್ರ ಸಿಕ್ಕಿಯೂ, ಹಿಂದೆಂದೋ ತೆಗೆದಿಟ್ಟ ಅಚ್ಚಿನ ಜೊತೆ ಅದು ತಾಳೆಯಾಗದಿರಬಹುದು. ಆಧಾರ್ ವ್ಯವಸ್ಥೆಯಲ್ಲಿ ಅದಕ್ಕೆ 300 ಎಂಬ ಸಂಕೇತವಿದೆ. ಇಲ್ಲವೇ ಎಲ್ಲ ಸರಿಯಿದ್ದು, ದೂರದ ಸರ್ವರಿನಿಂದ ಉತ್ತರ ಬಾರದೆ ಹೋಗಿರಬಹುದು. ಮೊದಲನೆಯದು ಗಾಜಿನ ಮಿತಿ, ಮೂರನೆಯದು ನೆಟ್‌ವರ್ಕಿನ ಮಿತಿ. ಎರಡನೆಯದರಲ್ಲೂ ಸವೆದದ್ದು ಚರ್ಮವೇ ಹೊರತು ಆ ಹೆಂಗಸಲ್ಲ. ಸಾಲಿನಲ್ಲಿ ನಿಂತವಳಿಗೆ ಮಾತ್ರ ಮೂರೂ ಒಂದೇ ಕೀಚ್ ಸದ್ದಾಗಿ ಕೇಳುತ್ತವೆ, ಮೂರೂ ಆಕೆಯ ತಲೆಯ ಮೇಲೇ ಬರುತ್ತವೆ.

ಅಮೆರಿಕದ ಡೊನಾಲ್ಡ್ ನಾರ್ಮನ್ ಮೊದಲು ವಿದ್ಯುತ್ ಎಂಜಿನಿಯರಿಂಗ್ ಓದಿ ಆಮೇಲೆ ಮನಶ್ಶಾಸ್ತ್ರದ ಕಡೆ ಬಂದವರು. 1988ರಲ್ಲಿ ಅವರು ದಿನಬಳಕೆಯ ವಸ್ತುಗಳ ವಿನ್ಯಾಸದ ಬಗ್ಗೆ ಬರೆದ ಪುಸ್ತಕ ಈಗಲೂ ಆ ವಿದ್ಯೆ ಕಲಿಯುವವರ ಕೈಯಲ್ಲಿರುತ್ತದೆ. ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ ತಡವರಿಸುವ ಮನುಷ್ಯ ತನ್ನನ್ನೇ ಬೈದುಕೊಳ್ಳುತ್ತಾನೆ, ತಪ್ಪು ಇರುವುದು ಆ ಬಾಗಿಲನ್ನು ಹಾಗೆ ಮಾಡಿದವನಲ್ಲಿ ಎಂಬುದು ಅವರ ವಿಚಾರ. ನಾರ್ಮನ್ ಕಂಡ ಬಾಗಿಲುಗಳು ಕಚೇರಿಗಳವು, ಹೋಟೆಲುಗಳವು. ಅಲ್ಲಿ ತಡವರಿಸಿದವರಿಗೆ ಒಂದು ಕ್ಷಣದ ಮುಜುಗರವಾಗುತ್ತದೆ, ಅಷ್ಟೆ. ನಮ್ಮ ತಾಲ್ಲೂಕುಗಳಲ್ಲಿ ತೆರೆಯದ ಬಾಗಿಲಿನ ಹಿಂದೆ ಇರುವುದು ಅಕ್ಕಿ, ವೃದ್ಧಾಪ್ಯ ವೇತನ, ಕೂಲಿಯ ಹಣ.

ಹೆಬ್ಬೆಟ್ಟು ನಮಗೆ ಹೊಸದಲ್ಲ. ಮೈಸೂರು ಸೀಮೆಯ ಹಳೆಯ ಕ್ರಯಪತ್ರಗಳನ್ನು ಬಿಡಿಸಿ ನೋಡಿದರೆ ಕೊನೆಯಲ್ಲಿ ನೀಲಿಯೋ ಕಪ್ಪೋ ಮಸಿಯ ಒಂದು ಮಬ್ಬು ಗುರುತು ಇರುತ್ತದೆ. ಅದರ ಪಕ್ಕದಲ್ಲಿ, ಇದು ಇಂಥವರ ಮಗ ಇಂಥವರ ಹೆಬ್ಬೆಟ್ಟಿನ ಗುರುತು ಎಂದು ಇನ್ನೊಬ್ಬರ ಕೈಬರಹ. ಕೆಳಗೆ ಸಾಕ್ಷಿಗಳ ರುಜು. ಎಲ್ಲಕ್ಕಿಂತ ಕೆಳಗೆ ಬಿಕ್ಕಲಂ, ಪತ್ರ ಬರೆದವರ ಹೆಸರು. ಆ ಮಸಿಯ ಗುರುತಿನಲ್ಲಿ ಒಂದೊಂದು ಸಲ ಗೆರೆಯೇ ಇರುವುದಿಲ್ಲ, ಬರೀ ಒಂದು ಕಲೆ. ಆದರೂ ಪತ್ರ ನಿಂತಿತು, ಜಮೀನು ಕೈಬದಲಾಯಿತು. ಬೆರಳು ಮಬ್ಬಾದರೆ ಅದನ್ನು ಎತ್ತಿ ಹಿಡಿಯಲು ನಾಲ್ಕು ಜನ ಪಕ್ಕದಲ್ಲಿದ್ದರು. ಆ ಪದ್ಧತಿಯಲ್ಲಿ ಮೋಸ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಓದು ಬಾರದವರ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಂಡ ಕಥೆಗಳು ನಮ್ಮ ಊರೂರಿನಲ್ಲೂ ಇವೆ. ಯಂತ್ರ ಬಂದದ್ದೂ ಮೋಸವನ್ನು ತಡೆಯಲಿಕ್ಕೆ. ಆದರೆ ಬರುವಾಗ ಅದು ಹೆಬ್ಬೆಟ್ಟನ್ನು ಮಾತ್ರ ಇಟ್ಟುಕೊಂಡಿತು, ಸಾಕ್ಷಿಗಳನ್ನು ಕಳಿಸಿಬಿಟ್ಟಿತು. ಪಕ್ಕದಲ್ಲಿ ನಿಂತ ಇಡೀ ಊರಿಗೆ ಆಕೆ ಯಾರೆಂದು ಗೊತ್ತಿದ್ದರೂ ಆ ತಿಳಿವಳಿಕೆಯನ್ನು ಒಪ್ಪಿಸುವ ಜಾಗ ಪರದೆಯ ಮೇಲೆ ಇಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಆಧಾರ್ ನೋಂದಣಿ ಮಾಡುವಾಗ ಹತ್ತು ಬೆರಳಿನ ಜೊತೆಗೆ ಎರಡೂ ಕಣ್ಣಿನ ಪಾಪೆ, ಮುಖ ಎಲ್ಲವನ್ನೂ ತೆಗೆದುಕೊಂಡಿರುತ್ತಾರೆ. ಬೆರಳು ಕೈಕೊಟ್ಟರೆ ಕಣ್ಣು, ಅದೂ ಆಗದಿದ್ದರೆ ಓಟಿಪಿ, ಅದೂ ಇಲ್ಲವಾದರೆ ಪುಸ್ತಕದಲ್ಲಿ ಬರೆದುಕೊಂಡು ಪಡಿತರ ಕೊಡಬೇಕೆಂಬ ಸೂಚನೆಗಳಿವೆ. ಆಧಾರ್ ವಿಷಯವನ್ನು ಸುಪ್ರೀಂ ಕೋರ್ಟಿನ ಮುಂದೆ ತಂದವರಲ್ಲಿ ಮೊದಲ ಹೆಸರು ನಮ್ಮವರದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಅರ್ಜಿ ಹಾಕಿದರು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಕಾಯ್ದೆಯ ಬಹುಭಾಗವನ್ನು ಎತ್ತಿ ಹಿಡಿಯಿತು. ಆದರೆ ಬೆರಳು ತಾಳೆಯಾಗಲಿಲ್ಲವೆಂಬ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪುವುದಿಲ್ಲ ಎಂಬ ಸರ್ಕಾರದ ಭರವಸೆಯೂ ಅದರಲ್ಲಿ ದಾಖಲಾಗಿದೆ. ಆ ಭರವಸೆ ತೀರ್ಪಿನಲ್ಲಿದೆ, ಸುತ್ತೋಲೆಯಲ್ಲಿದೆ. ಅದು ಇರಬೇಕಾದ ಜಾಗ ಕೀಚ್ ಎಂದ ಮರುಕ್ಷಣದ ಪರದೆ. “ನನಗೆ ಓದಲಾಗಲಿಲ್ಲ, ಕಣ್ಣು ತೋರಿಸಿ” ಎಂದು ಯಂತ್ರವೇ ದನಿಯಲ್ಲಿ ಹೇಳಿದರೆ ಸಾಲಿನ ಮುಂದೆ ನಿಂತ ಹೆಂಗಸು ತನ್ನ ಕೈಯನ್ನು ಹಳಿದುಕೊಳ್ಳುವುದಿಲ್ಲ. ಅಷ್ಟು ಹೇಳಿಸಲು ದೊಡ್ಡ ವಿಜ್ಞಾನವೇನೂ ಬೇಕಿಲ್ಲ. ಹೇಳಬೇಕು ಎಂದು ಯಾರಿಗಾದರೂ ಅನ್ನಿಸಬೇಕು.

ಓಟಿಪಿಯ ಕಥೆ ಇನ್ನೊಂದು. ನಗರದ ಮೇಜಿನ ಮುಂದೆ ಕೂತು ಅದನ್ನು ರೂಪಿಸಿದವರ ಕಣ್ಣಿನಲ್ಲಿ ಒಬ್ಬ ಮನುಷ್ಯನಿಗೆ ಒಂದು ಫೋನು, ಆ ಫೋನು ಸದಾ ಅವನ ಜೇಬಿನಲ್ಲಿ, ಜೇಬಿನಲ್ಲಿದ್ದಾಗಲೆಲ್ಲ ಅದರಲ್ಲಿ ಸಿಗ್ನಲು. ಹನೂರು ತಾಲ್ಲೂಕಿನ ಒಂದು ಮನೆಯನ್ನು ಎಣಿಸಿಕೊಳ್ಳಿ. ಮಗ ಕೆಲಸಕ್ಕೆ ತಿರುಪ್ಪೂರಿಗೋ ಬೆಂಗಳೂರಿಗೋ ಹೋಗಿದ್ದಾನೆ. ಆಧಾರಿಗೆ ಸೇರಿಸಿದ ನಂಬರು ಅವನದು, ಏಕೆಂದರೆ ಸೇರಿಸುವಾಗ ಮನೆಯಲ್ಲಿದ್ದ ಫೋನು ಅದೊಂದೇ. ಅಪ್ಪ ಅರ್ಜಿ ಹಾಕಲು ಹನೂರಿಗೆ ಬಂದು ಕೂತಿದ್ದಾನೆ. ಓಟಿಪಿ ತಿರುಪ್ಪೂರಿನಲ್ಲಿ ಬನಿಯನ್ ಹೊಲಿಯುವ ಯಂತ್ರದ ಪಕ್ಕಕ್ಕೆ ಹೋಗಿದೆ. ಮಗ ಫೋನು ಎತ್ತುವಂತಿಲ್ಲ, ಅಲ್ಲಿ ಕೆಲಸದ ಹೊತ್ತು. ಎತ್ತಿದ ಮೇಲೆ ಆರಂಕಿ ಓದಿ ಹೇಳುವಷ್ಟರಲ್ಲಿ ಅದರ ಆಯುಸ್ಸು ಮುಗಿದಿದೆ. ಅಪ್ಪ ಮುಂದಿನ ವಾರ ಬರುತ್ತಾನೆ. ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋದವು.

ಮಾದಪ್ಪನ ಬೆಟ್ಟದ ಆಚೀಚೆ ಕಾಡೊಳಗಿನ ಹಳ್ಳಿಗಳಲ್ಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ ಸಿಗ್ನಲ್ ಎಂಬುದು ಒಂದು ಜಾಗ. ಇಂಥ ಬಂಡೆಯ ಮೇಲೆ, ಇಂಥ ತಿರುವಿನಲ್ಲಿ ಸಿಗುತ್ತದೆ ಎಂದು ಊರಿಗೆಲ್ಲ ಗೊತ್ತಿರುತ್ತದೆ, ಅಲ್ಲಿಗೆ ನಡೆದು ಹೋಗುತ್ತಾರೆ. ಫೋನು ಹಿಡಿದು ಬಂಡೆ ಹತ್ತಿ, ಬಂದ ಅಂಕಿಯನ್ನು ನೆನಪಿಟ್ಟುಕೊಂಡು ಇಳಿದು ಬರುವವರ ಹೆಜ್ಜೆಗೆ ಸರಿಹೊಂದುವ ಗಡುವನ್ನು ಯಾರೂ ಎಣಿಸಿಲ್ಲ. ಕಳ್ಳರನ್ನು ತಡೆಯಲು ಗಡುವು ಬೇಕು, ಒಪ್ಪುತ್ತೇನೆ. ಹತ್ತು ನಿಮಿಷವೇ ಏಕೆ, ಒಂದು ಹಗಲು ಏಕಾಗಬಾರದು ಎಂಬ ಪ್ರಶ್ನೆಯನ್ನು ಒಂದೊಂದು ಸೇವೆಗೂ ಬೇರೆ ಬೇರೆಯಾಗಿ ಕೇಳಬೇಕು. ಬ್ಯಾಂಕಿನಿಂದ ಲಕ್ಷ ರೂಪಾಯಿ ಕಳಿಸುವುದೂ ಜಾತಿ ಪ್ರಮಾಣಪತ್ರದ ಅರ್ಜಿ ಹಾಕುವುದೂ ಒಂದೇ ಬಗೆಯ ಅಪಾಯವಲ್ಲ.

ಈಗ ವಿಳಾಸದ ಮಾತಿಗೆ ಬರುತ್ತೇನೆ. ಕೊಳ್ಳೇಗಾಲ, ಯಳಂದೂರು, ಹನೂರು ಎಂಬ ನಮ್ಮ ಮೂರು ತಾಲ್ಲೂಕುಗಳಿಗಿಂತ ಒಳ್ಳೆಯ ಉದಾಹರಣೆ ಇದಕ್ಕೆ ಸಿಗಲಾರದು.

1950ರಲ್ಲಿ ರಾಮಾಪುರದಲ್ಲಿ ಹುಟ್ಟಿದ ಒಬ್ಬರನ್ನು ನೆನೆಯಿರಿ. ಅವರು ಹುಟ್ಟಿದ್ದು ಮದರಾಸು ರಾಜ್ಯದಲ್ಲಿ, ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನಲ್ಲಿ. 1956ರ ನವೆಂಬರ್ 1ರಂದು ಅವರ ಊರು ಮೈಸೂರು ರಾಜ್ಯಕ್ಕೆ, ಮೈಸೂರು ಜಿಲ್ಲೆಗೆ ಸೇರಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಜಿಲ್ಲೆ ಒಡೆದು ಚಾಮರಾಜನಗರವಾಯಿತು. 2018ರ ಹೊತ್ತಿಗೆ ಹನೂರು ಬೇರೆ ತಾಲ್ಲೂಕಾಯಿತು. ಅವರ ಮನೆ, ಮನೆಯ ಮುಂದಿನ ಹುಣಸೆಮರ, ಎದುರಿನ ಬೀದಿ ಯಾವುದೂ ಒಂದು ಅಂಗುಲ ಕದಲಲಿಲ್ಲ. ಕಾಗದದಲ್ಲಿ ಮಾತ್ರ ಅವರು ಮೂರು ಜಿಲ್ಲೆ ಸುತ್ತಿ ಬಂದರು. ಅವರ ಶಾಲೆಯ ದಾಖಲೆಯಲ್ಲಿ ಮೈಸೂರು ಜಿಲ್ಲೆ, ಆಧಾರಿನಲ್ಲಿ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು, ಹೊಸ ಕಾರ್ಡಿನಲ್ಲಿ ಹನೂರು ತಾಲ್ಲೂಕು.

ಪರದೆಯ ಮೇಲೆ ಬರುವ ಅರ್ಜಿ ಇದನ್ನು ಅರಿಯುವುದಿಲ್ಲ. ಜಿಲ್ಲೆ ಆಯ್ಕೆ ಮಾಡಿ ಎನ್ನುತ್ತದೆ, ತಾಲ್ಲೂಕು ಆಯ್ಕೆ ಮಾಡಿ ಎನ್ನುತ್ತದೆ. ಎಲ್ಲೋ ಒಂದು ಕಡೆ ಪಟ್ಟಿಯಲ್ಲಿ ಹನೂರು ಸೇರಿರುವುದಿಲ್ಲ, ಇನ್ನೊಂದು ಕಡೆ ಸೇರಿರುತ್ತದೆ. ಎರಡನ್ನೂ ತಾಳೆ ನೋಡುವ ಮೂರನೆಯ ವ್ಯವಸ್ಥೆ ಇಬ್ಬರೂ ಬೇರೆ ಬೇರೆ ಮನುಷ್ಯರು ಎಂದು ತೀರ್ಮಾನಿಸುತ್ತದೆ. ಆ ವಯಸ್ಸಾದವರು ತಾವು ತಾವೇ ಎಂದು ತೋರಿಸಲು ಅಫಿಡವಿಟ್ ಬರೆಸಬೇಕು. ತಾಲ್ಲೂಕು ಒಡೆದದ್ದು ಸರ್ಕಾರ. ಯಾವ ಹಳ್ಳಿ ಎಲ್ಲಿಂದ ಎಲ್ಲಿಗೆ ಹೋಯಿತೆಂಬ ಪಟ್ಟಿ ಗೆಜೆಟ್ಟಿನಲ್ಲಿ ಅಚ್ಚಾಗಿದೆ. ಆ ಪಟ್ಟಿಯನ್ನು ಯಂತ್ರಕ್ಕೆ ಒಂದು ಸಲ ಉಣಿಸಿದರೆ ಹಳೆಯ ಕೊಳ್ಳೇಗಾಲವೂ ಹೊಸ ಹನೂರೂ ಒಂದೇ ಮನೆ ಎಂದು ಅದಕ್ಕೆ ತಿಳಿಯುತ್ತದೆ. ಸಾವಿರಾರು ಮಂದಿ ಸಾವಿರಾರು ಸಲ ಕಚೇರಿಗೆ ಅಲೆಯುವ ಬದಲು ಒಬ್ಬರು ಒಂದು ಸಲ ಕೂತು ಮಾಡಬೇಕಾದ ಕೆಲಸ ಇದು. ವಿನ್ಯಾಸ ಎಂದರೆ ಬಣ್ಣ, ಗುಂಡಿ, ಚಿತ್ರ ಎಂದುಕೊಳ್ಳುವವರಿಗೆ ನಾನು ಇದನ್ನೇ ಹೇಳಲು ಬಯಸುತ್ತೇನೆ. ಯಾರ ದುಡಿಮೆಯನ್ನು ಉಳಿಸಲು ಯಾರು ದುಡಿಯಬೇಕು ಎಂಬುದರ ತೀರ್ಮಾನವೇ ವಿನ್ಯಾಸ.

ಯಳಂದೂರಿನ ಚರಿತ್ರೆಯ ದಾರಿಯೇ ಬೇರೆ. 1807ರಲ್ಲಿ ಅದು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂತು. ಅಂದರೆ ಪಕ್ಕಪಕ್ಕದ ಊರುಗಳಾದರೂ ಕೊಳ್ಳೇಗಾಲದ ಜಮೀನು ಲೆಕ್ಕ ಮದರಾಸಿನ ಕಾಗದದಲ್ಲಿ, ಯಳಂದೂರಿನದು ಜಹಗೀರಿನ ಕಾಗದದಲ್ಲಿ ಬೆಳೆದು ಬಂದವು. ಇವೆಲ್ಲವೂ 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯ ಒಂದೇ ನಮೂನೆಯ ಪಹಣಿಯೊಳಗೆ ಬಂದು ಕೂತವು. ಅಷ್ಟು ದೊಡ್ಡ ಕೆಲಸ ನಡೆಯುವುದು ಸಾಧ್ಯವೆಂದು ನಾವು ಕಣ್ಣಾರೆ ಕಂಡಿದ್ದೇವೆ. ಆದ್ದರಿಂದಲೇ ಒಂದು ತಾಲ್ಲೂಕಿನ ಹೆಸರು ಸೇರಿಸಲು ವರ್ಷಗಟ್ಟಲೆ ಕಾಯುವುದು ನನಗೆ ಸಹಿಸಲಾಗದ ಸಂಗತಿ.

ಹುಟ್ಟಿದ ದಿನವೂ ಹೀಗೆಯೇ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಕಾರ್ಡಿನ ಪ್ರಕಾರ ಜನವರಿ 1ರಂದೇ ಹುಟ್ಟಿದವರು. ಅವರಿಗೆ ಗೊತ್ತಿದ್ದದ್ದು ಇಷ್ಟು: ಮಾದಪ್ಪನ ಜಾತ್ರೆ ಕಳೆದ ಮೇಲೆ, ದೊಡ್ಡ ಮಳೆ ಬಂದ ವರ್ಷ. ಅರ್ಜಿಗೆ ಬೇಕಾಗಿದ್ದದ್ದು ದಿನ, ತಿಂಗಳು, ವರ್ಷ ಮೂರೂ ತುಂಬಿದ ಚೌಕ. ಸುಮಾರಾಗಿ ಎಂದು ಬರೆಯಲು ಜಾಗವಿದ್ದಲ್ಲಿಯೂ ಆ ಸುಮಾರು ಮುಂದಿನ ಕಚೇರಿಗೆ ಹೋಗುವಷ್ಟರಲ್ಲಿ ಬಿದ್ದುಹೋಗಿ ಖಚಿತವಾದ ಒಂದು ತಾರೀಖು ಮಾತ್ರ ಉಳಿಯುತ್ತದೆ. ಹೆಸರಿನ ಕಷ್ಟ ಇದಕ್ಕಿಂತ ಹಳೆಯದು. ಮಾದಪ್ಪ, ಮಾದಮ್ಮ, ಮಹದೇವ, ಮಾದೇವಸ್ವಾಮಿ ಎಂದು ಒಂದೇ ದೇವರ ಹೆಸರನ್ನು ಮನೆಮನೆಯಲ್ಲೂ ಇಟ್ಟ ಸೀಮೆ ನಮ್ಮದು. ಅದಕ್ಕೆ ಮನೆತನದ ಹೆಸರು ಅಂಟಿಸುವ ರೂಢಿ ನಮ್ಮಲ್ಲಿಲ್ಲ. ಕೊನೆಯ ಹೆಸರು ಕಡ್ಡಾಯ ಎಂದು ಕೆಂಪು ಚುಕ್ಕೆ ಇಟ್ಟ ಚೌಕದಲ್ಲಿ ಕೆಲವರು ಅಪ್ಪನ ಹೆಸರು ಬರೆಯುತ್ತಾರೆ, ಕೆಲವರು ಊರಿನ ಹೆಸರು, ಕೆಲವರು ಬರೀ ಒಂದು ಚುಕ್ಕೆ. ಆಮೇಲೆ ಜೀವನಪೂರ್ತಿ ಆ ಚುಕ್ಕೆಯನ್ನೂ ಹೊತ್ತುಕೊಂಡು ತಿರುಗಬೇಕು.

ಒಂದು ದೀಪದ ವಿಷಯ ಹೇಳಬೇಕು. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣುಸ್ಥಾವರದಲ್ಲಿ ಒಂದು ಕವಾಟ ಮುಚ್ಚಬೇಕಾಗಿತ್ತು, ಮುಚ್ಚಲಿಲ್ಲ. ನಿಯಂತ್ರಣ ಕೊಠಡಿಯ ದೀಪ ಮಾತ್ರ ಮುಚ್ಚಿದೆ ಎಂಬಂತೆ ತೋರಿಸುತ್ತಿತ್ತು. ಮುಚ್ಚು ಎಂಬ ಆಜ್ಞೆ ಹೋದದ್ದನ್ನಷ್ಟೇ ಆ ದೀಪ ಹೇಳುತ್ತಿತ್ತು. ಕವಾಟ ನಿಜವಾಗಿ ಮುಚ್ಚಿತೇ ಎಂಬುದು ಅದಕ್ಕೆ ಗೊತ್ತೇ ಇರಲಿಲ್ಲ. ತಂಪು ಮಾಡುವ ನೀರು ಗಂಟೆಗಟ್ಟಲೆ ಸೋರಿತು. ಕೆಲಸಗಾರರು ಏಕೆ ತಪ್ಪಿದರೆಂದು ನೋಡಲು ಕರೆಸಿದವರಲ್ಲಿ ನಾರ್ಮನ್ ಕೂಡ ಒಬ್ಬರು. ಕೊಠಡಿಯನ್ನು ರೂಪಿಸಿದ ಬಗೆಯೇ ತಪ್ಪಿಗೆ ಎಡೆ ಮಾಡಿಕೊಟ್ಟಿತೆಂದು ಅವರಿಗೆ ಕಂಡಿತು. ನಮ್ಮ ಅರ್ಜಿಗಳ ಕೊನೆಯಲ್ಲಿ ಹಸಿರು ಗುರುತಿನ ಜೊತೆ ಬರುವ “ಯಶಸ್ವಿಯಾಗಿ ಸಲ್ಲಿಕೆಯಾಗಿದೆ” ಎಂಬ ಸಾಲನ್ನು ಕಂಡಾಗಲೆಲ್ಲ ನನಗೆ ಆ ದೀಪ ನೆನಪಾಗುತ್ತದೆ. ಅರ್ಜಿ ಹೋಯಿತು ಎಂದಷ್ಟೇ ಅದರ ಅರ್ಥ. ಮಂಜೂರಾಯಿತೇ, ಎಲ್ಲಾದರೂ ತಡೆಯಿತೇ, ಹಣ ಯಾವ ಖಾತೆಗೆ ಬೀಳುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಆ ಚೀಟಿಯನ್ನು ಮಡಿಸಿ ಕವರಿನಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಕಾಯುವ ಹೆಂಗಸರು ಕೊಳ್ಳೇಗಾಲದ ಬ್ಯಾಂಕುಗಳ ಪಾಸ್‌ಬುಕ್ ಸಾಲಿನಲ್ಲಿ ಯಾವತ್ತೂ ಇರುತ್ತಾರೆ.

ಒಳ್ಳೆಯ ಯಂತ್ರವನ್ನೂ ನಾವು ಕಂಡಿದ್ದೇವೆ. ಮತಯಂತ್ರವನ್ನೇ ತೆಗೆದುಕೊಳ್ಳಿ. ಹೆಸರಿನ ಪಕ್ಕದಲ್ಲಿ ಚಿಹ್ನೆ, ಚಿಹ್ನೆಯ ಪಕ್ಕದಲ್ಲಿ ನೀಲಿ ಗುಂಡಿ, ಒತ್ತಿದರೆ ಕೆಂಪು ದೀಪ, ಆಮೇಲೆ ಉದ್ದನೆಯ ಒಂದು ಸದ್ದು. ಓದು ಬೇಡ, ಪಾಸ್‌ವರ್ಡ್ ಬೇಡ. ಬ್ಯಾಟರಿಯಲ್ಲಿ ನಡೆಯುವುದರಿಂದ ಕರೆಂಟು ಬೇಡ, ಯಾವ ನೆಟ್‌ವರ್ಕಿಗೂ ಸೇರಿಲ್ಲವಾದ್ದರಿಂದ ಸಿಗ್ನಲೂ ಬೇಡ. 2004ರ ವಿಧಾನಸಭೆ ಚುನಾವಣೆಯಲ್ಲಿ ಯಳಂದೂರಿನ ಪಕ್ಕದ ಸಂತೇಮರಹಳ್ಳಿ ಕ್ಷೇತ್ರದ ಫಲಿತಾಂಶ ಒಂದೇ ಒಂದು ಮತದಿಂದ ನಿರ್ಧಾರವಾಯಿತು. ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಎಂಬತ್ತು ಸಾವಿರಕ್ಕೂ ಹೆಚ್ಚು ಬೆರಳುಗಳು ಆ ಎರಡು ಗುಂಡಿಗಳನ್ನು ಒತ್ತಿದ್ದವು. ಅದರಲ್ಲಿ ನೂಲು ಬಿಚ್ಚುವವರ ಬೆರಳು, ಕಳೆ ಕಿತ್ತವರ ಬೆರಳು, ಎಂದೂ ಶಾಲೆಗೆ ಹೋಗದವರ ಬೆರಳು ಎಲ್ಲವೂ ಇದ್ದವು. ಗುಂಡಿ ಬೆರಳಿನ ಗೆರೆಯನ್ನು ಕೇಳಲಿಲ್ಲ, ಒತ್ತುವುದನ್ನಷ್ಟೇ ಕೇಳಿತು. ಒಂದು ಮತ ಎಷ್ಟು ತೂಗುತ್ತದೆಂದು ನಮ್ಮ ಜಿಲ್ಲೆಗೆ ಹೇಳಿಕೊಡಬೇಕಾದ್ದಿಲ್ಲ.

ಆದರೂ ಜನ ಕೇಳಿದರು: ದೀಪ ಹತ್ತಿತು, ಸರಿ, ನಾನು ಒತ್ತಿದ್ದೇ ಒಳಗೆ ಬಿದ್ದಿತೇ? ಅದು ಆ ಅಣುಸ್ಥಾವರದ ದೀಪದ ಪ್ರಶ್ನೆಯೇ. ಉತ್ತರವಾಗಿ 2013ರಿಂದ ಮತಯಂತ್ರದ ಜೊತೆಗೆ ಕಾಗದದ ಚೀಟಿ ಬಂತು. ಒತ್ತಿದ ಚಿಹ್ನೆ ಗಾಜಿನ ಹಿಂದೆ ಏಳು ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಚೀಟಿ ಬಂದ ಮೇಲೆಯೂ ವಾದಗಳು ನಿಂತಿಲ್ಲ, ಪ್ರಜಾಪ್ರಭುತ್ವದಲ್ಲಿ ನಿಲ್ಲಬೇಕಾಗಿಯೂ ಇಲ್ಲ. ಪ್ರಶ್ನೆ ಕೇಳಿದವರನ್ನು ತಿಳಿಯದವರೆಂದು ತಳ್ಳದೆ ಯಂತ್ರವನ್ನೇ ಬದಲಿಸಿದರು, ಅದು ನನಗೆ ಮುಖ್ಯ. ಇಷ್ಟಾದರೂ ಒಳ್ಳೆಯ ಯಂತ್ರವೊಂದು ರಸ್ತೆಯ ಬದಲಿಗೆ ನಿಲ್ಲಲಾರದು. 2024ರ ಏಪ್ರಿಲ್ 26ರಂದು ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ, ಮೂಲಸೌಕರ್ಯ ಕೊಡಲಿಲ್ಲವೆಂಬ ಸಿಟ್ಟು ಗಲಭೆಯಾಗಿ ಮತಗಟ್ಟೆಯ ಯಂತ್ರವೇ ಒಡೆದುಹೋಯಿತು. 29ರಂದು ಮರುಮತದಾನ ನಡೆಯಿತು. ಒಡೆದದ್ದು ತಪ್ಪು. ಆ ಬೆಟ್ಟದ ಮೇಲಿನವರಿಗೆ ಸರ್ಕಾರ ಕೈಗೆಟುಕುವಂತೆ ಕಂಡದ್ದು ಆ ಪೆಟ್ಟಿಗೆಯ ರೂಪದಲ್ಲಿ ಮಾತ್ರ ಎಂಬುದನ್ನೂ ಮರೆಯಲಾಗದು.

ಸಂತೆಯಲ್ಲಿ ಸೊಪ್ಪು, ಹೂವು ಮಾರುವವರ ಪಕ್ಕದಲ್ಲಿ ಈಗ ಒಂದು ಪುಟ್ಟ ಡಬ್ಬಿ ಇರುತ್ತದೆ. ಯುಪಿಐಯಲ್ಲಿ ಹಣ ಬಿದ್ದ ಕೂಡಲೇ “ಇಪ್ಪತ್ತು ರೂಪಾಯಿ ಸ್ವೀಕರಿಸಲಾಗಿದೆ” ಎಂದು ಕನ್ನಡದಲ್ಲಿ ಕೂಗುತ್ತದೆ. ಹೂವು ಅಳೆಯುವವಳ ಎರಡು ಕೈಯೂ ಬಿಡುವಿಲ್ಲದೆ ಇರುತ್ತವೆ, ಕಣ್ಣು ಗಿರಾಕಿಯ ಮೇಲಿರುತ್ತದೆ, ಫೋನು ನೋಡುವ ಹೊತ್ತು ಅವಳಿಗಿಲ್ಲ ಎಂದು ಯಾರೋ ಕೂತು ಯೋಚಿಸಿದ್ದಾರೆ. ಆ ಯಾರಿಗೋ ನಾನು ಮನಸಾರೆ ಕೈ ಮುಗಿಯುತ್ತೇನೆ. ಅದೇ ಯುಪಿಐ ಒಳಗೇ ಇದಕ್ಕೆ ವಿರುದ್ಧವಾದದ್ದೂ ಬಹುಕಾಲ ಇತ್ತು. 2016ರಲ್ಲಿ ಯುಪಿಐ ಶುರುವಾದಾಗಿನಿಂದ, ಹಣ ಕೊಡಿ ಎಂದು ಯಾರು ಬೇಕಾದರೂ ಇನ್ನೊಬ್ಬರಿಗೆ ಕೋರಿಕೆ ಕಳಿಸಬಹುದಿತ್ತು. ನಿಮಗೆ ಹಣ ಬರುತ್ತಿದೆ, ಪಿನ್ ಒತ್ತಿ ಎಂದು ಫೋನಿನಲ್ಲಿ ನಂಬಿಸಿದ ವಂಚಕರು ಎಷ್ಟೋ ಜನರ ಉಳಿತಾಯ ಬಾಚಿಕೊಂಡರು. ಕೊಡುವಾಗಲೂ ಕೋರಿಕೆಗೆ ಒಪ್ಪುವಾಗಲೂ ಬರುತ್ತಿದ್ದದ್ದು ಪಿನ್ ಕೇಳುವ ಒಂದೇ ಬಗೆಯ ಪರದೆ. ಹಣ ಪಡೆಯಲು ಪಿನ್ ಬೇಡ ಎಂದು ಜಾಹೀರಾತಿನ ಮೇಲೆ ಜಾಹೀರಾತು ಬಂತು. ಜನರಿಗೆ ಬುದ್ಧಿ ಹೇ‌ಳುತ್ತಲೇ ವರ್ಷಗಳು ಕಳೆದವು. ಕೊನೆಗೆ 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಆ ಕೋರಿಕೆಯ ಸೌಲಭ್ಯವನ್ನೇ ತೆಗೆದುಹಾಕಿದರು. ಅಷ್ಟರವರೆಗೆ ಹಣ ಕಳೆದುಕೊಂಡವರು ತಮ್ಮ ಪೆದ್ದುತನವೆಂದು ಮನೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದರು.

ಕನ್ನಡದ ಮಾತನ್ನೂ ಸೇರಿಸುತ್ತೇನೆ, ಸ್ವಲ್ಪದರಲ್ಲೇ. ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದೆ. ಆದರೂ ಇವತ್ತಿಗೂ ಎಷ್ಟೋ ಆ್ಯಪ್‌ಗಳಲ್ಲಿ ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಇಟ್ಟಿರುತ್ತಾರೆ, ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗಿರುತ್ತದೆ. ಮುಖಪುಟ ಕನ್ನಡದಲ್ಲಿರುತ್ತದೆ, ಒಳಗೆ ಹೋದಂತೆ ಇಂಗ್ಲಿಷ್ ಆಗುತ್ತದೆ, ಏನಾದರೂ ತಪ್ಪಾದಾಗ ಬರುವ ಎಚ್ಚರಿಕೆಯಂತೂ ಇಂಗ್ಲಿಷಿನಲ್ಲೇ ಇರುತ್ತದೆ. ಭಾಷೆ ಹೆಚ್ಚು ಬೇಕಾಗುವುದು ಎಲ್ಲ ಸರಿಯಾಗಿ ನಡೆಯುವಾಗ ಅಲ್ಲ, ಎಡವಿದಾಗ. ಅಲ್ಲಿಯೇ ಕನ್ನಡ ಕೈಬಿಡುತ್ತದೆ.

ಈ ಎಲ್ಲ ಕೊರತೆಗಳನ್ನು ಸದ್ಯಕ್ಕೆ ತುಂಬುತ್ತಿರುವವರು ಸರ್ಕಾರಿ ಸೇವೆ ಕೊಡುವ ಗ್ರಾಮ ಒನ್‌ನಲ್ಲಿ, ಸೈಬರ್ ಸೆಂಟರಿನಲ್ಲಿ ಕೂತ ಹುಡುಗ ಹುಡುಗಿಯರು. ಯಾವ ಅರ್ಜಿ ಬೆಳಿಗ್ಗೆ ಬೇಗ ತೆರೆಯುತ್ತದೆ, ಯಾವ ಚೌಕದಲ್ಲಿ ಚುಕ್ಕೆ ಇಟ್ಟರೆ ಮುಂದೆ ಹೋಗುತ್ತದೆ, ಹನೂರು ಸಿಗದಿದ್ದರೆ ಎಲ್ಲಿ ಕೊಳ್ಳೇಗಾಲ ಒತ್ತಬೇಕು, ಎಣ್ಣೆ ಹಚ್ಚಿದರೆ ಯಾರ ಬೆರಳು ಬರುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಅಕ್ಕಾ, ಅವ್ವಾ, ತಾತಾ ಎಂದು ಮಾತಾಡಿಸಿಕೊಂಡು ಯಂತ್ರದ ಒರಟುತನವನ್ನು ತಾವು ನುಂಗುತ್ತಾರೆ. ಅವರು ಇಲ್ಲದಿದ್ದರೆ ಇಡೀ ವ್ಯವಸ್ಥೆ ಒಂದು ವಾರ ನಡೆಯುವುದಿಲ್ಲ. ಆದರೆ ಇದರಲ್ಲೇ ಇನ್ನೊಂದು ತೊಡಕಿದೆ. ಯಾರಿಗೂ ಹೇಳಬೇಡಿ ಎಂದ ಓಟಿಪಿಯನ್ನು ಅಜ್ಜಿ ಆ ಹುಡುಗನಿಗೆ ಹೇಳಲೇಬೇಕು, ಪಿನ್ ಹೇಳಬೇಕು, ಪಾಸ್‌ಬುಕ್ ಬಿಟ್ಟು ಹೋಗಬೇಕು. ಅವನು ಒಳ್ಳೆಯವನಾಗಿದ್ದರೆ ಎಲ್ಲವೂ ಸುರಕ್ಷಿತ. ಕೋಟಿಗಟ್ಟಲೆ ಖರ್ಚು ಮಾಡಿ ಕಟ್ಟಿದ ಭದ್ರತೆಯ ಕೊನೆಯ ಕೊಂಡಿ ಒಬ್ಬ ಹುಡುಗನ ಒಳ್ಳೆಯತನದ ಮೇಲೆ ನಿಂತಿದೆ. ಅವನಿಗೆ ತಿಳಿದಿರುವುದನ್ನು ಕೇಳಲು ಇದುವರೆಗೆ ಯಾವ ತಂತ್ರಾಂಶದ ತಂಡವೂ ಅವನ ಪಕ್ಕ ಬಂದು ಕೂತದ್ದನ್ನು ನಾನು ನೋಡಿಲ್ಲ.

ಇಪ್ಪತ್ತೈದು ವರ್ಷಗಳ ಹಿಂದೆ ತಾಲ್ಲೂಕು ಕಚೇರಿಗಳಲ್ಲಿ ಭೂಮಿ ಕಿಯೋಸ್ಕ್ ಇಟ್ಟಾಗ ಅದರಲ್ಲಿ ಎರಡು ಪರದೆಗಳಿದ್ದವು. ಒಂದು ಗುಮಾಸ್ತನ ಕಡೆಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ. ಒಳಗೆ ಏನು ಟೈಪಾಗುತ್ತಿದೆ, ತನ್ನ ಸರ್ವೆ ನಂಬರಿನ ಮುಂದೆ ಯಾರ ಹೆಸರು ಬರುತ್ತಿದೆ ಎಂದು ರೈತ ತಾನೇ ನೋಡಬಹುದಿತ್ತು. ಓದು ಬಾರದವನು ಜೊತೆಯಲ್ಲಿ ಬಂದ ಮಗನಿಗೆ, ನೆರೆಯವನಿಗೆ ತೋರಿಸಿ ಕೇಳಬಹುದಿತ್ತು. ಹಳೆಯ ಕ್ರಯಪತ್ರದ ಸಾಕ್ಷಿಗಳಿಗೆ ಆ ಎರಡನೆಯ ಪರದೆಯಲ್ಲಿ ಜಾಗವಿತ್ತು. ಈಗಿನ ಮೇಜುಗಳಲ್ಲಿ ಪರದೆ ಒಂದೇ, ಅದು ತಿರುಗಿರುವುದು ಆ ಕಡೆಗೆ. ಈ ಕಡೆ ನಿಂತವರಿಗೆ ಕಾಣುವುದು ಅದರ ಬೆನ್ನು, ವೈರು, ಧೂಳು. ಗ್ರಾಮ ಒನ್ ಕೇಂದ್ರಗಳಿಗೆ, ಸೊಸೈಟಿಗಳಿಗೆ ಮೊದಲು ಆ ಎರಡನೆಯ ಪರದೆಯನ್ನು ವಾಪಸ್ ಕೊಡಬೇಕು. ಅದರಲ್ಲಿ ಅಕ್ಷರ ದೊಡ್ಡದಾಗಿರಲಿ, ಒತ್ತು ಕತ್ತರಿಸದ ಕನ್ನಡವಿರಲಿ, ಓದಿ ಹೇಳುವ ದನಿಯಿರಲಿ. ಬೆರಳು ಬಾರದಿದ್ದಾಗ ಏಕೆ ಬರಲಿಲ್ಲ, ಇನ್ನು ಯಾವ ದಾರಿ ಇದೆ ಎಂಬುದು ಅದರ ಮೇಲೆ ಮೂಡಲಿ. ಮುಂದಿನ ಸಲ ಹೊಸ ಆ್ಯಪ್ ಬಿಡುವ ಮುನ್ನ ಅದನ್ನು ಮಾಡಿದವರು ಹನೂರಿನ ಕಡೆಯ ಕೌದಳ್ಳಿಯಲ್ಲೋ ಮಾಂಬಳ್ಳಿಯಲ್ಲೋ ಆ ಪರದೆಯ ಈ ಕಡೆ, ಸಾಲಿನಲ್ಲಿ ನಿಂತವರ ಜೊತೆ ಒಂದು ದಿನ ನಿಲ್ಲಲಿ. ಬೆಂಗಳೂರಿನಿಂದ ಕೊಳ್ಳೇಗಾಲಕ್ಕೆ ಬೆಳಗಿನ ಬಸ್ಸಿದೆ, ಅಲ್ಲಿಂದ ಎರಡೂ ಊರಿಗೆ ಬಸ್ಸು ಸಿಗುತ್ತವೆ.